ಯಾರ ಮನೆ ಹುಡುಗ?

ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಮತ್ತು ಚಿತ್ರಕಲೆಯ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳಿವು. ಅಂದು ಮೈಕು ಕೈಕೊಟ್ಟಿದ್ದರಿಂದ ಹಿಂದಿನ ಸಾಲಿನವರಿಗೆ ಅರ್ಧವೂ ಕೇಳಿಸಲಿಲ್ಲವಂತೆ. ಅವರ ಸಲುವಾಗಿ ಬರೆದು ಕೊಡುತ್ತಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ನನ್ನ ಕಸುಬು ಜಾಹೀರಾತು. ಹಾಗೆಂದ ಕೂಡಲೇ ನೀವು ಬೆಂಗಳೂರಿನ ಗಾಜಿನ ಕಟ್ಟಡವನ್ನು ನೆನೆಯಬೇಡಿ. ದುರ್ಗಿಗುಡಿಯ ಒಂದು ಮಾಳಿಗೆ, ಎರಡು ಕಂಪ್ಯೂಟರ್, ಮಳೆಗಾಲದಲ್ಲಿ ಸೋರುವ ಒಂದು ಮೂಲೆ, ಇಷ್ಟೇ. ಅಡಿಕೆ ಸುಲಿಯುವ ಯಂತ್ರ, ಚಿನ್ನದಂಗಡಿಯ ಆಷಾಢದ ರಿಯಾಯಿತಿ, ಟ್ಯುಟೋರಿಯಲ್, ಗೃಹಪ್ರವೇಶದ ಕರೆಯೋಲೆ, ಶ್ರದ್ಧಾಂಜಲಿ. ಶ್ರದ್ಧಾಂಜಲಿ ಮಾಡುವುದು ಎಲ್ಲಕ್ಕಿಂತ ಕಷ್ಟ. ತಪ್ಪಾದರೆ ತಿದ್ದಿ ಮತ್ತೊಮ್ಮೆ ಹಾಕುವಂತಿಲ್ಲ.

ಒಂದು ಏಪ್ರಿಲ್ ತಿಂಗಳಲ್ಲಿ ಮೂವರು ಮೆಟ್ಟಿಲು ಹತ್ತಿ ಬಂದರು. ಸಣ್ಣ ಸಂಸ್ಥೆ. ಹೆಸರು ಹೇಳುವುದು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಹದಿನಾರರಿಂದ ಇಪ್ಪತ್ತೆರಡರೊಳಗಿನ, ಮನೆ ಎಂಬುದು ಇಲ್ಲದ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುವವರು. ಬಾಲಮಂದಿರದಲ್ಲಿ ಬೆಳೆದು ಹದಿನೆಂಟು ತುಂಬಿದ ದಿನ ಹೊರಗೆ ಬಂದವರು, ಅಪ್ಪನ ಕುಡಿತಕ್ಕೋ ಚಿಕ್ಕಮ್ಮನ ಮಾತಿಗೋ ಮನೆ ಬಿಟ್ಟವರು, ಅಡಿಕೆ ಕೊಯ್ಲಿಗೆಂದು ಘಟ್ಟ ಹತ್ತಿ ಬಂದು ವಾಪಸು ಹೋಗದೆ ಉಳಿದವರು. ಮಳೆಗಾಲ ಹಿಡಿಯುವ ಮೊದಲು ಪತ್ರಿಕೆಯಲ್ಲಿ ಜಾಹೀರಾತು ಬರಬೇಕು ಎಂದರು. ಕೈಯಲ್ಲಿದ್ದ ಹಣ ನಲವತ್ತು ಸಾವಿರ. ಚಿನ್ನದಂಗಡಿಯವರು ಒಂದು ಭಾನುವಾರ ಅರ್ಧ ಪುಟಕ್ಕೆ ಸುರಿಯುವುದು ಅದಕ್ಕಿಂತ ಹೆಚ್ಚು.

ನಾನು ಎರಡೇ ದಿನದಲ್ಲಿ ವಿನ್ಯಾಸ ಮಾಡಿ ಮುಗಿಸಿದೆ. ಬಸ್ ನಿಲ್ದಾಣದ ದೀಪದ ಕಂಬ, ಅದರ ಕೆಳಗೆ ಮೊಣಕಾಲಿಗೆ ತಲೆ ಇಟ್ಟು ಕುಳಿತ ಹುಡುಗನ ಕಪ್ಪು ಆಕೃತಿ, ಸುತ್ತಲೂ ಕತ್ತಲೆ, ಮೇಲೆ ಬಿಳಿ ಅಕ್ಷರದಲ್ಲಿ ‘ದಿಕ್ಕಿಲ್ಲದವರಿಗೆ ದಾರಿದೀಪವಾಗಿ’. ಪ್ರಾಸ ಕೂಡಿತ್ತು, ನನಗೆ ನಾನೇ ಮೆಚ್ಚಿಕೊಂಡಿದ್ದೆ. ಸಂಸ್ಥೆಯವರು ಅದನ್ನು ನೋಡಲು ಬರುವಾಗ ಜೊತೆಗೊಬ್ಬ ಹುಡುಗನನ್ನು ಕರೆತಂದಿದ್ದರು. ಹತ್ತೊಂಬತ್ತು ವರ್ಷ, ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೆಲಸ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಅವನು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, “ಇವನು ಕೆಲಸಕ್ಕೆ ಹೋಗುವುದಿಲ್ಲವೇ ಸಾರ್?” ಎಂದು ಕೇಳಿದ.

ಅಷ್ಟೇ. ಬೇರೆ ಏನನ್ನೂ ಕೇಳಲಿಲ್ಲ. ನಾನು ಆ ಹಾಳೆಯನ್ನು ಮಡಚಿ ಮೇಜಿನ ಖಾನೆಗೆ ಹಾಕಿದೆ.

ಬೆಳಗಿನ ಐದಕ್ಕೆ ಇಡ್ಲಿ ಹಂಡೆ ಒಲೆಗೇರಿಸುವುದರಿಂದ ರಾತ್ರಿ ಹತ್ತೂವರೆಗೆ ನೆಲ ಒರೆಸುವವರೆಗೆ ಅವನಿಗೆ ಕೆಲಸವಿತ್ತು. ಆಮೇಲೆ ಎರಡು ಮೇಜು ಜೋಡಿಸಿ, ಹಳೆಯ ಬ್ಯಾನರನ್ನು ಹಾಸಿ ಮಲಗುತ್ತಿದ್ದ. ಅವನಿಗೆ ಇಲ್ಲದ್ದು ಮನೆಯೇ ಹೊರತು ದಿಕ್ಕಲ್ಲ. ನನ್ನ ಚಿತ್ರದ ಹುಡುಗ ಅವನ ಪಾಲಿಗೆ ಯಾರೋ ಸೋಮಾರಿ, ಇಲ್ಲವೇ ಕಳ್ಳ.

ಅಲ್ಲಿಂದ ಎರಡು ವಾರ ನಾವು ವಿನ್ಯಾಸ ಮಾಡಲಿಲ್ಲ, ಊರು ಸುತ್ತಿದೆವು. ಇಲ್ಲಿನ ಮನೆಯಿಲ್ಲದವರು ಬೀದಿಯಲ್ಲಿ ಕಾಣುವುದಿಲ್ಲ ಎಂಬುದು ಆಗ ಗೊತ್ತಾಯಿತು. ಬೇಕರಿಯ ಅಟ್ಟದ ಮೇಲೆ ಮೈದಾ ಮೂಟೆಗಳ ನಡುವೆ ಇದ್ದಾರೆ. ಗ್ಯಾರೇಜಿನಲ್ಲಿ ರಿಪೇರಿಗೆ ಬಂದ ವ್ಯಾನಿನ ಸೀಟಿನ ಮೇಲೆ ಇದ್ದಾರೆ. ಅಡಿಕೆ ಸುಲಿಯುವ ಮನೆಯ ಮೂಲೆಯಲ್ಲಿ ಗೋಣಿ ಹೊದ್ದುಕೊಂಡಿದ್ದಾರೆ. ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ತಂಗುವ ಖಾಸಗಿ ಬಸ್ಸಿನ ಕ್ಲೀನರ್ ಹುಡುಗನೊಬ್ಬ, ಚಾಲಕ ನಿರ್ವಾಹಕರು ಪರಿಚಯದವರ ಮನೆಗೆ ಹೋದ ಮೇಲೆ, ಬಸ್ಸಿನ ಹಿಂದಿನ ಸೀಟಿನಲ್ಲೇ ಮಲಗುತ್ತಾನೆ. ಮೂರು ವರ್ಷದಿಂದ ಅದೇ ಅವನ ಮನೆ. ದಿನಕ್ಕೆ ನೂರೆಂಬತ್ತು ಕಿಲೋಮೀಟರ್ ಓಡುವ ಮನೆ ಎಂದು ಅವನೇ ನಕ್ಕ.

2011ರ ಜನಗಣತಿಯಲ್ಲಿ ವಸತಿರಹಿತರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ. ರಸ್ತೆ ಬದಿ, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರ್ಮು, ದೇವಸ್ಥಾನದ ಮಂಟಪ, ದೊಡ್ಡ ಪೈಪುಗಳೊಳಗೆ ಮಲಗಿದವರ ಲೆಕ್ಕ ಅದು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಮೇಜಿನ ಮೇಲೆ ಮಲಗಿದವನಿಗೂ ಅಟ್ಟ ಹತ್ತಿದವನಿಗೂ ತಲೆಯ ಮೇಲೆ ಹೆಂಚಿದೆ. ಆ ರಾತ್ರಿಯ ಎಣಿಕೆಯ ಕಣ್ಣಿಗೆ ಅವರು ಬೀಳುವವರಲ್ಲ. ಫೆಬ್ರವರಿಯಲ್ಲಿ ಬಯಲಲ್ಲಿ ಮಲಗಬಹುದು ಬಿಡಿ, ಜೂನ್ ಕೊನೆಯ ಆರಿದ್ರಾ ಮಳೆಯಲ್ಲಿ ಮಲೆನಾಡಿನ ಬಯಲಿನಲ್ಲಿ ನಾಯಿಯೂ ಮಲಗುವುದಿಲ್ಲ.

ಇನ್ನು ಇವರನ್ನು ಏನೆಂದು ಕರೆಯುವುದು? ನನಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ. ‘ವಸತಿರಹಿತ’ ಎಂದರೆ ಪಂಚಾಯಿತಿಯ ಫಲಾನುಭವಿ ಪಟ್ಟಿಯ ವಾಸನೆ. ‘ಅನಾಥ’ ಎನ್ನೋಣವೆಂದರೆ ಅರ್ಧ ಜನಕ್ಕೆ ತಾಯಿ ಬದುಕಿದ್ದಾಳೆ, ಆಗಾಗ ಫೋನು ಮಾಡುತ್ತಾಳೆ. ‘ನಿರಾಶ್ರಿತ’ ಎಂಬ ಪದವನ್ನು ನಮ್ಮ ರಾಜ್ಯದಲ್ಲಿ ಭಿಕ್ಷುಕರ ಕೇಂದ್ರಗಳು ಮೊದಲೇ ತೆಗೆದುಕೊಂಡುಬಿಟ್ಟಿವೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಡಿ ಹಿಡಿದು ತಂದವರನ್ನು ಇಡುವ ಜಾಗಕ್ಕೆ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎನ್ನುತ್ತಾರೆ. ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ, ಶೇ 3ರ ಭಿಕ್ಷುಕರ ಕರ ಅಲ್ಲೇ ಇರುತ್ತದೆ. ಕೆಲಸ ಮಾಡಿ ತಿನ್ನುವ ಹುಡುಗನಿಗೆ ಆ ಪದವನ್ನು ಅಂಟಿಸಲು ಮನಸ್ಸಾಗಲಿಲ್ಲ. ನಮ್ಮ ಹುಡುಗಿಯೊಬ್ಬಳು ‘ಅನಿಕೇತನ’ ಎಂದಿಡೋಣ ಎಂದಳು. ಈ ಜಿಲ್ಲೆಯಲ್ಲಿ ಆ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ, ಶಾಲೆಗಳ ಗೋಡೆಯ ಮೇಲೆಲ್ಲ ಇದೆ. ಆದರೆ ಮನೆ ಇದ್ದವನು ಅದನ್ನು ಮೀರುವುದು ಒಂದು. ಇಲ್ಲದವನಿಗೆ ಮೀರಲು ಏನಿದೆ? ಅದೂ ಬಿದ್ದುಹೋಯಿತು. ಶರಾವತಿ ಕಣಿವೆಯವರೊಬ್ಬರು, ಲಿಂಗನಮಕ್ಕಿಯ ನೀರಿಗೆ ಅಜ್ಜನ ಮನೆ ಬಿಟ್ಟುಕೊಟ್ಟವರು, ‘ಮುಳುಗಡೆ’ ಎಂಬ ಮಾತನ್ನು ಕೊಟ್ಟರು. ಬಹಳ ತೂಕದ ಮಾತು. ಬಳಸಲಿಲ್ಲ. ಅದು ಅವರ ದುಃಖ, ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಕೊನೆಗೆ ಹೆಸರು ಹುಡುಕುವುದನ್ನೇ ಬಿಟ್ಟೆವು. ಸಿಕ್ಕಿದ್ದು ಒಂದು ಪ್ರಶ್ನೆ.

ತೀರ್ಥಹಳ್ಳಿ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕುಳಿತಿದ್ದ. ಮಂಡಗದ್ದೆಯಲ್ಲಿ ಹತ್ತಿದ ಹಿರಿಯರೊಬ್ಬರು ಎದುರಿನ ಕಂಬಿ ಹಿಡಿದು ನಿಂತು, ಕೊಡೆಯ ನೀರು ಕೊಡವಿ, ಅವನನ್ನು ಮೇಲಿಂದ ಕೆಳಗೆ ನೋಡಿ, “ಯಾರ ಮನೆ ಹುಡುಗ ನೀನು?” ಎಂದರು. ನೀವೆಲ್ಲ ಈ ಪ್ರಶ್ನೆಗೆ ಸಾವಿರ ಸಲ ಉತ್ತರ ಕೊಟ್ಟಿದ್ದೀರಿ. ಮೇಲಿನಮನೆಯವನು, ಹೊಸಮನೆಯವರ ಮೊಮ್ಮಗ, ಮೇಷ್ಟ್ರ ಮನೆಯವನು. ಉತ್ತರ ಸಿಕ್ಕ ಕೂಡಲೇ ಕೇಳಿದವರ ಮುಖ ಸಡಿಲಾಗುತ್ತದೆ, ನಿಮ್ಮ ಅಜ್ಜಿಯ ಕೈಯ ಅಪ್ಪೆಮಿಡಿಯ ಸುದ್ದಿ ಬರುತ್ತದೆ. ನನ್ನ ಪಕ್ಕದ ಹುಡುಗ ತನ್ನ ಮನೆಯ ಹೆಸರು ಹೇಳಿದ, ಮಾತು ಮುಂದುವರಿಯಿತು. ನನಗೆ ಮಾತ್ರ ಹೋಟೆಲಿನ ಹುಡುಗ ನೆನಪಾದ. ಅವನನ್ನು ಕೇಳಿದರೆ? ಮರುದಿನ ಹೋಗಿ ಕೇಳಿಯೇಬಿಟ್ಟೆ. “ಹೋಟೆಲಿನ ಹೆಸರು ಹೇಳುತ್ತೇನೆ ಸಾರ್, ಅಷ್ಟರಲ್ಲಿ ಸುಮ್ಮನಾಗುತ್ತಾರೆ” ಎಂದ.

ಮೊದಲ ಜಾಹೀರಾತು ಅದೇ ಆಯಿತು. ಎರಡು ಕಾಲಂ ಅಗಲ, ಹದಿನೈದು ಸೆಂಟಿಮೀಟರ್ ಎತ್ತರ. ಪತ್ರಿಕೆಯವರ ಲೆಕ್ಕದಲ್ಲಿ ಮೂವತ್ತು ಕಾಲಂ ಸೆಂಟಿಮೀಟರ್. ಮೇಲೆ ‘ಯಾರ ಮನೆ ಹುಡುಗ?’ ಎಂಬ ಮೂರೇ ಪದ. ಅದರಡಿ ಮುಕ್ಕಾಲು ಪಾಲು ಖಾಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಈ ಪ್ರಶ್ನೆಗೆ ಉತ್ತರವಿಲ್ಲದವನು ಇವತ್ತು ಬೆಳಿಗ್ಗೆ ನಿಮಗೆ ಕಾಫಿ ತಂದುಕೊಟ್ಟಿರಬಹುದು’, ಮತ್ತು ಫೋನ್ ಸಂಖ್ಯೆ. ಸಂಸ್ಥೆಯ ಖಜಾಂಚಿ ಹಾಳೆ ಹಿಡಿದು, ದುಡ್ಡು ಕೊಟ್ಟು ಕೊಂಡ ಜಾಗವನ್ನು ಬೀಳು ಬಿಟ್ಟಿದ್ದೀರಲ್ಲ ಎಂದು ಗೊಣಗಿದರು. ಗದ್ದೆ ಇದ್ದವರ ಮಾತು. ಆ ಖಾಲಿ ಜಾಗದಲ್ಲಿ ಪದಾಧಿಕಾರಿಗಳ ಭಾವಚಿತ್ರ ಹಾಕಬಹುದಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಜಾಹೀರಾತುಗಾರನ ಅರ್ಧ ಆಯುಸ್ಸು ಖಾಲಿ ಜಾಗ ಕಾಯುವುದರಲ್ಲೇ ಕಳೆಯುತ್ತದೆ.

‘ಯಾರ ಮನೆ ಹುಡುಗಿ?’ ಎಂದೂ ಒಂದು ಮಾಡಿದ್ದೆವು. ಗಟ್ಟಿಯಾಗಿ ಓದಿ ನೋಡಿ. ಸಂಬಂಧ ನೋಡಲು ಬಂದವರ ದನಿ ಕೇಳುತ್ತದೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ಒಂದೇ ಅಕ್ಷರ ಬದಲಾದರೆ ಪ್ರಶ್ನೆಯ ನಡತೆಯೇ ಬದಲಾಗುತ್ತದೆ. ಮನೆಗೆಲಸಕ್ಕೆ ಸೇರಿ, ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗುವ ಹುಡುಗಿಯರು ಈ ಊರಿನಲ್ಲಿ ಹುಡುಗರಿಗಿಂತಲೂ ಮರೆಯಲ್ಲಿದ್ದಾರೆ. ಅವರಿಗೆ ಸರಿಹೊಂದುವ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಮಾಳಿಗೆ ಹತ್ತಿ ಬನ್ನಿ.

ಕಾನೂನಿನ ಮಾತು ಸ್ವಲ್ಪ. 2015ರ ಬಾಲನ್ಯಾಯ ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಒಟ್ಟಿನಲ್ಲಿ ಗುರುತು ಸಿಗುವ ಏನನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಹದಿನೆಂಟು ದಾಟಿದವರಿಗೆ ಈ ಕಟ್ಟಿಲ್ಲ, ಆದರೂ ನಾವು ಯಾರ ಮುಖವನ್ನೂ ಹಾಕಲಿಲ್ಲ. ಇಷ್ಟು ಸಣ್ಣ ಊರಿನಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದರೂ ಅಂಗಿ ನೋಡಿ ಗುರುತು ಹಿಡಿಯುತ್ತಾರೆ. ಇನ್ನೊಂದು ತಪ್ಪನ್ನು ಸಂಸ್ಥೆಯವರೇ ಸಮಯಕ್ಕೆ ತಡೆದರು. ನನ್ನ ಒಂದು ಕರಡಿನಲ್ಲಿ ‘ನಿಮ್ಮ ಮನೆಯಲ್ಲಿ ಜಾಗ ಕೊಡಿ’ ಎಂದಿತ್ತು. ಒಂಟಿಯಾಗಿ ಸಿಕ್ಕ ಮಗುವನ್ನು ಹಾಗೆ ಮನೆಗೆ ಕರೆದೊಯ್ದು ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ತಿಳಿಸಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಹದಿನೆಂಟರ ನಂತರದ ಆಸರೆಗೂ ಅದೇ ಕಾಯಿದೆಯಲ್ಲಿ ಅವಕಾಶವಿದೆ, ಸಾಮಾನ್ಯವಾಗಿ ಇಪ್ಪತ್ತೊಂದರವರೆಗೆ. ಹಾಗಾಗಿ ನಾವು ಎರಡು ಸಂಖ್ಯೆ ಹಾಕಿದೆವು. ಚಿಕ್ಕವರಿಗೆ 1098, ದೊಡ್ಡವರಿಗೆ ಸಂಸ್ಥೆಯದು.

ಎರಡನೆಯ ಜಾಹೀರಾತಿನ ಕಥೆಗೆ ಬರುತ್ತೇನೆ. ಅದು ನನಗೆ ಎಲ್ಲಕ್ಕಿಂತ ಪ್ರೀತಿಯದು, ಹಾಳಾದದ್ದೂ ಅದೇ.

ಈ ವಿಷಯದ ಮೇಲೆ ಪೋಸ್ಟರ್ ಮಾಡಿ ಎಂದರೆ ವಿದ್ಯಾರ್ಥಿಗಳು ತರುವುದು ಹಿಮ, ರಟ್ಟಿನ ಪೆಟ್ಟಿಗೆ, ಉಣ್ಣೆಯ ಟೋಪಿ. ಅಂತರ್ಜಾಲದಲ್ಲಿ ಸಿಗುವುದು ಲಂಡನ್ನಿನ ಚಳಿ. ಅಲ್ಲಿ 1969ರಲ್ಲಿ ಶುರುವಾದ ಸೆಂಟರ್‌ಪಾಯಿಂಟ್‌ನಂಥ ಸಂಸ್ಥೆಗಳು ಹದಿನಾರರಿಂದ ಇಪ್ಪತ್ತೈದರವರ ಜೊತೆಗೇ ಕೆಲಸ ಮಾಡುತ್ತವೆ. ಅಲ್ಲಿಯೂ ಬಹಳ ಮಂದಿ ಬೀದಿಯಲ್ಲಿರುವುದಿಲ್ಲ, ಗೆಳೆಯರ ಸೋಫಾದಿಂದ ಸೋಫಾಕ್ಕೆ ಹೋಗುತ್ತಿರುತ್ತಾರೆ. ಆ ಅರಿವನ್ನು ತನ್ನಿ, ಹಿಮವನ್ನು ಅಲ್ಲೇ ಬಿಟ್ಟುಬನ್ನಿ. ನಮ್ಮಲ್ಲಿ ಮನೆಯಿಲ್ಲದವನನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ತೇವ.

ಹೋಟೆಲಿನ ಹುಡುಗನನ್ನು, ನಿನಗೆ ಮಳೆಗಾಲದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು ಎಂದು ಕೇಳಿದ್ದೆ. ಊಟ, ನಿದ್ದೆ, ಮಾಲೀಕನ ಬೈಗುಳ, ಯಾವುದನ್ನೂ ಅವನು ಹೇಳಲಿಲ್ಲ. ಬಟ್ಟೆ ಒಣಗುವುದಿಲ್ಲ ಎಂದ. ಎರಡೇ ಜೊತೆ. ಒಂದು ಮೈಮೇಲೆ, ಇನ್ನೊಂದು ಗ್ಯಾಸ್ ಸಿಲಿಂಡರಿನ ಹಿಂದೆ ನೇತುಹಾಕಿದ್ದು. ಮೂರನೆಯ ದಿನ ವಾಸನೆ ಬರುತ್ತದೆ, ಗಿರಾಕಿಗಳು ಮೂಗು ಮುಚ್ಚುತ್ತಾರೆ, ಮಾಲೀಕ ಒಳಗೆ ಪಾತ್ರೆ ತೊಳೆಯಲು ಕಳಿಸುತ್ತಾನೆ, ಒಳಗಿನ ಕೆಲಸಕ್ಕೆ ಟಿಪ್ಸ್ ಇಲ್ಲ. ಮಲೆನಾಡಿನ ಯಾವ ಮನೆಯ ಬಚ್ಚಲೊಲೆಯ ಮೇಲೂ ಆಷಾಢದಲ್ಲಿ ಹಗ್ಗ ಕಟ್ಟಿರುತ್ತದೆ. ಶಾಲೆಯ ಅಂಗಿ, ಅಜ್ಜನ ಪಂಚೆ, ಮಗುವಿನ ಲಂಗೋಟಿ ಸಾಲಾಗಿ ಹೊಗೆ ಕುಡಿಯುತ್ತಿರುತ್ತವೆ. ನಮ್ಮ ಬಾಲ್ಯಕ್ಕೆಲ್ಲ ಆ ಹೊಗೆಯ ವಾಸನೆ ಇದೆ. ಮನೆ ಅಂದರೆ ಏನೆಂದು ನನ್ನನ್ನು ಕೇಳಿದರೆ ಆ ಹಗ್ಗವನ್ನೇ ತೋರಿಸುತ್ತೇನೆ.

ಹಾಗೆ ಹುಟ್ಟಿದ್ದು: ಒಂದು ಒದ್ದೆ ಅಂಗಿಯ ಚಿತ್ರ, ‘ಈ ಅಂಗಿ ಆರಿದ್ರಾ ಮಳೆಯಲ್ಲಿ ಒದ್ದೆಯಾಯಿತು. ಈಗ ಪುಷ್ಯ.’ ಇದನ್ನು ಪುಷ್ಯ ಮಳೆ ಹುಟ್ಟಿದ ದಿನವೇ, ಅಂದರೆ ಜುಲೈ 20ರ ಹೊತ್ತಿಗೆ ಹಾಕಬೇಕೆಂದು ದಿನವನ್ನೂ ಗೊತ್ತುಮಾಡಿದೆವು. ಮಳೆ ನಕ್ಷತ್ರದ ಲೆಕ್ಕ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ ಎಂದು ಒಬ್ಬರು ತಕರಾರು ತೆಗೆದರು. ಶಿವಮೊಗ್ಗ ಆವೃತ್ತಿಯ ಓದುಗರಿಗೆ ಅರ್ಥವಾಗುತ್ತದೆ, ನಮಗೆ ಅಷ್ಟು ಸಾಕು ಎಂದೆ.

ಛಾಯಾಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಹೊಗೆ ಹಿಡಿದ ಗೋಡೆ, ಕಡುನೀಲಿ ಅಂಗಿ, ತೋಳಿನ ತುದಿಯಲ್ಲಿ ಒಂದು ಹನಿ. ನಯವಾದ ಕಾಗದದ ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ನೋಡಿದೆವು. ಆದರೆ ನ್ಯೂಸ್‌ಪ್ರಿಂಟ್ ಬೇರೆಯೇ ಜಾತಿ. ಅದು ಶಾಯಿ ಕುಡಿಯುತ್ತದೆ, ಪ್ರತಿ ಚುಕ್ಕೆಯೂ ಹರಡಿ ದಪ್ಪವಾಗುತ್ತದೆ. ಒಂದೊಂದು ಬಣ್ಣಕ್ಕೆ ನೂರರ ಲೆಕ್ಕದಲ್ಲಿ ನಾಲ್ಕೂ ಬಣ್ಣದ ಶಾಯಿ ಸೇರಿ ಸುಮಾರು ಶೇ 240 ದಾಟಿದರೆ ಅಲ್ಲಿ ಉಳಿಯುವುದು ಕೆಸರು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಎಂಬತ್ತರ ದಶಕದಿಂದ ನ್ಯೂಸ್‌ಪ್ರಿಂಟನ್ನೂ ಮಾಡುತ್ತಿತ್ತು. ಅದರ ಸುರುಳಿಗಳ ಮೇಲೆ ಕಣ್ಣಿಟ್ಟು ಬೆಳೆದ ಊರಿನವನು ನಾನು, ಇದು ನನಗೆ ಗೊತ್ತಿರಬೇಕಿತ್ತು. ಕಾರ್ಖಾನೆ ನಿಂತು ವರ್ಷಗಳಾದವು, ನನ್ನ ಬುದ್ಧಿಯೂ ನಿಂತಿತ್ತು ಎಂದುಕೊಳ್ಳಿ. ಪರೀಕ್ಷೆಗೆಂದು ಒಂದು ಸಣ್ಣ ಪತ್ರಿಕೆಯಲ್ಲಿ ಹಾಕಿಸಿದಾಗ ಅಂಗಿ ಗೋಡೆಯೊಳಗೆ ಮುಳುಗಿತು. ಹನಿ ಎಲ್ಲಿ ಹೋಯಿತೋ. ಕಪ್ಪಿನ ಮೇಲೆ ಬಿಳಿ ಬಿಟ್ಟಿದ್ದ ಅಕ್ಷರಗಳ ಒತ್ತುಗಳು ತುಂಬಿಹೋಗಿ ‘ಪುಷ್ಯ’ ಎಂಬುದು ಓದುವಂತಿರಲಿಲ್ಲ.

ಕನ್ನಡದ ಸಮಸ್ಯೆ ಅದು. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನಡಿ ಇನ್ನೊಂದು ಒತ್ತು. ಅದರ ಮೇಲೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಿಂದ ಯುನಿಕೋಡಿಗೆ ತಿರುಗಿಸುವಾಗ ‘ವರ್ಷ’ದ ಅರ್ಕಾವತ್ತು ಹಾರಿ ಪಕ್ಕದ ಪದಕ್ಕೆ ಕೂತಿತ್ತು. ಪರದೆಯ ಮೇಲೆ ಅಲ್ಲ, ಕಾಗದದ ಮೇಲೆ ತೆಗೆದು, ಗಟ್ಟಿಯಾಗಿ ಓದಿ ಕರಡು ತಿದ್ದಿ. ಸಾಧ್ಯವಾದರೆ ನಿಮ್ಮ ಅಮ್ಮನಿಂದ ಓದಿಸಿ.

ಕೊನೆಗೆ ಛಾಯಾಚಿತ್ರವನ್ನು ಕೈಬಿಟ್ಟು, ಅದೇ ಅಂಗಿಯನ್ನು ಲೇಖನಿಯಲ್ಲಿ ಬರೆಸಿದೆವು. ಬರಿಯ ಕಪ್ಪು ಗೆರೆ, ಬಿಳಿ ಹಿನ್ನೆಲೆ. ಒಂದೇ ಬಣ್ಣವಾದ್ದರಿಂದ ದರವೂ ಇಳಿಯಿತು. ಉಳಿದ ಹಣದಲ್ಲಿ ಇನ್ನೊಂದು ದಿನ ಹಾಕಿಸಿದೆವು.

ಪೋಸ್ಟರು, ಫ್ಲೆಕ್ಸುಗಳ ಬಗ್ಗೆ ಉದ್ದ ಹೇಳುವುದಿಲ್ಲ. ಕಂಡ ಗೋಡೆಗೆಲ್ಲ ಅಂಟಿಸುವುದನ್ನು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯಿದೆ ಒಪ್ಪುವುದಿಲ್ಲ, ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದ ರಾಜ್ಯದಲ್ಲಿ ನಿಷೇಧವಿದೆ. ನಿಷೇಧ ಇದ್ದೂ ಯಾರ ಹುಟ್ಟುಹಬ್ಬವೂ ನಿಂತಿಲ್ಲ, ಅದು ಬೇರೆ ಮಾತು. ನಾವು ಹೋಟೆಲುಗಳ ಬಿಲ್ ಪುಸ್ತಕದ ಹಿಂಬದಿಯಲ್ಲಿ ಮುದ್ರಿಸಲು ಹೊರಟೆವು. ನಮ್ಮ ಹುಡುಗನ ಮಾಲೀಕರನ್ನೇ ಮೊದಲು ಕೇಳಿದೆ. “ನನ್ನ ಹುಡುಗನ ವಿಷಯವನ್ನು ನನ್ನ ಬಿಲ್ಲಿನ ಮೇಲೆಯೇ ಹಾಕುತ್ತೀರಾ?” ಎಂದು ಸಿಟ್ಟಾದರು. ಸಿಟ್ಟಿನಲ್ಲಿ ನ್ಯಾಯವಿತ್ತು. ಆ ಎರಡು ಮೇಜನ್ನೂ ಕೊಟ್ಟವರು ಅವರೊಬ್ಬರೇ. ಜಾಹೀರಾತು ಅವರನ್ನು ಖಳನಾಯಕ ಮಾಡಿಬಿಟ್ಟರೆ ನಾಳೆ ಮೇಜೂ ಹೋಗುತ್ತದೆ. ಆ ಯೋಜನೆ ಅಲ್ಲಿಗೆ ನಿಂತಿತು.

ದಾನಿಗಳು 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಇದೆಯೇ ಎಂದು ಕೇಳುತ್ತಾರೆ. ಇದ್ದರೆ ಒಂದು ಸಾಲಿನಲ್ಲಿ ಹಾಕಿ. ಎರಡು ಸಾವಿರ ದಾಟಿದ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡಿ, ಆಮೇಲಿನ ಜಗಳ ತಪ್ಪುತ್ತದೆ.

ಮೂರನೆಯದು ಜಾಹೀರಾತಿನಂತೆ ಕಾಣದ ಜಾಹೀರಾತು. ವರ್ಗೀಕೃತ ಕಾಲಂನಲ್ಲಿ, ‘ಮನೆ ಬಾಡಿಗೆಗಿದೆ’ಗಳ ಸಾಲಿನಲ್ಲಿ, ಅದೇ ಅಳತೆಯ ಅದೇ ಅಕ್ಷರದಲ್ಲಿ ಹೀಗೆ ಹಾಕಿದೆವು: ‘ರೂಮು ಬೇಕಾಗಿದೆ. 19 ವರ್ಷ. ಹೋಟೆಲ್ ಕೆಲಸ, ಸಂಬಳವಿದೆ. ಹತ್ತು ತಿಂಗಳ ಮುಂಗಡ ಇಲ್ಲ. ಜೊತೆಗೆ ಬಂದು ಮಾತನಾಡಲು ಹಿರಿಯರಿಲ್ಲ. ಖಾಯಂ ವಿಳಾಸ ಇಲ್ಲ, ಅದಕ್ಕೇ ರೂಮು ಬೇಕಾಗಿದೆ.’ ಇದರಲ್ಲಿ ನನ್ನದೆಂಬ ಮಾತು ಒಂದೂ ಇಲ್ಲ. ಹುಡುಗ ಹೇಳಿದ್ದು, ಬಾಡಿಗೆದಾರರನ್ನು ಮಾಲೀಕರು ಕೇಳುವುದು, ಎರಡನ್ನೂ ಜೋಡಿಸಿದೆ. ಸುಳ್ಳು ಜಾಹೀರಾತಾಗಬಾರದೆಂದು ಅವನಿಗೆ ನಿಜವಾಗಿಯೂ ರೂಮು ಹುಡುಕುತ್ತಿದ್ದೆವು.

ಪ್ರಶ್ನೋತ್ತರದಲ್ಲಿ ಒಬ್ಬಳು ವಿದ್ಯಾರ್ಥಿನಿ, ಇಷ್ಟೆಲ್ಲ ಮಾಡಿ ಏನು ಬಂತು ಸಾರ್ ಎಂದು ಕೇಳಿದಳು. ಮೊದಲ ಎರಡಕ್ಕೆ ಸ್ವಲ್ಪ ಹಣ ಬಂತು, ಒಂದು ಚೀಲ ಹಳೆಯ ಅಂಗಿಗಳೂ ಬಂದವು. ಒದ್ದೆ ಅಂಗಿಯ ಚಿತ್ರ ನೋಡಿ ಅಂಗಿ ಕಳಿಸುತ್ತಾರೆ ಎಂದು ನಾವು ಊಹಿಸಬೇಕಿತ್ತು. ಒಣಗಿಸಲು ಜಾಗವಿಲ್ಲದವನಿಗೆ ಇನ್ನಷ್ಟು ಬಟ್ಟೆ! ತಪ್ಪು ಕಳಿಸಿದವರದಲ್ಲ, ಏನು ಬೇಕೆಂದು ಹೇಳದ ನನ್ನದು. ರೂಮಿನ ಜಾಹೀರಾತಿಗೆ ಬಂದ ಕರೆಗಳನ್ನು ಬೆರಳಲ್ಲಿ ಎಣಿಸಬಹುದು. ಹೆಚ್ಚಿನವು ದಲ್ಲಾಳಿಗಳದು. ಒಬ್ಬರು ಯಾವ ಜನ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟರು.

ಐದನೆಯ ದಿನ ಹಳೆಯ ಬಡಾವಣೆಯ ಹಿರಿಯ ಹೆಂಗಸೊಬ್ಬರು ಕರೆ ಮಾಡಿದರು. ಹಿತ್ತಲಿನಲ್ಲಿ ಒಂದು ಕೋಣೆ ಇದೆಯಂತೆ, ಮಗ ಬೆಂಗಳೂರಿನಲ್ಲಿದ್ದಾನಂತೆ. ಹುಡುಗ ಕುಡಿಯುತ್ತಾನೆಯೇ, ರಾತ್ರಿ ಎಷ್ಟಕ್ಕೆ ಬರುತ್ತಾನೆ, ಮೊಬೈಲಿನಲ್ಲಿ ಗಟ್ಟಿಯಾಗಿ ಹಾಡು ಹಾಕುತ್ತಾನೆಯೇ ಎಂದೆಲ್ಲ ವಿಚಾರಿಸಿದರು. ಯಾರ ಮನೆಯವನು ಎಂದು ಮಾತ್ರ ಕೇಳಲಿಲ್ಲ. ಬಾಡಿಗೆ ಹೇಳಿದರು, ಕಡಿಮೆಯೇನೂ ಇರಲಿಲ್ಲ. ಕೊನೆಗೆ, “ಬಚ್ಚಲಲ್ಲಿ ಹಂಡೆ ಒಲೆ ಇದೆ, ಉರಿ ಹಾಕಿಕೊಳ್ಳಬಹುದು. ಸೌದೆ ಮಾತ್ರ ಅವನೇ ತಂದುಕೊಳ್ಳಬೇಕು” ಎಂದರು.